ನಾಲ್ಕು ಊರಿನ ಎಣ್ಣೆ, ಒಂದು ತಲೆ

ಎಣ್ಣೆ ಕಾಯಿಸುವುದು ನನಗೆ ಚೆನ್ನಾಗಿ ಬರುತ್ತದೆ. ಹೇಳಿಕೊಳ್ಳಲು ಸಂಕೋಚವಿಲ್ಲ. ಬಿ.ಎಸ್ಸಿ. ಮಾಡಿ, ಬಿ.ಎಡ್. ಮಾಡಿ, ಈಗ ಶಿಗ್ಗಾಂವದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತಿದ್ದೇನೆ. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವಳು ನಾನೇ ಮೊದಲು. ಆದರೂ ಸ್ಟಾಫ್ ರೂಮಿನಲ್ಲಿ ಯಾರಾದರೂ ದನಿ ತಗ್ಗಿಸಿಕೊಂಡು ನನ್ನ ಹತ್ತಿರ ಬಂದರೆ ಅದು ಪಾಠದ ವಿಷಯಕ್ಕಲ್ಲ, "ಟೀಚರ, ಎಣ್ಣಿ ಮುಗೀತ್ರಿ" ಅನ್ನುವುದಕ್ಕೆ.

ಕಲಿಸಿದವಳು ಅವ್ವ. ಸವಣೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಅವಳು ಎಲೆ ತೋಟಕ್ಕೆ ಕೂಲಿಗೆ ಹೋಗುತ್ತಿದ್ದಳು. ವೀಳ್ಯದೆಲೆ ಕೊಯ್ದು, ಜೋಡಿಸಿ, ಕಟ್ಟು ಕಟ್ಟುವಾಗ ಹರಿದದ್ದು, ಹುಳ ತಿಂದದ್ದು ಪಕ್ಕಕ್ಕೆ ಬೀಳುತ್ತಿತ್ತು. ಅದನ್ನು ಒಯ್ಯಬೇಡ ಎಂದು ಯಾರೂ ಅನ್ನುತ್ತಿರಲಿಲ್ಲ. ಉಡಿಯಲ್ಲಿ ಕಟ್ಟಿಕೊಂಡು ತಂದ ಆ ಹರಕು ಎಲೆ, ಹಿತ್ತಲಿನ ದಾಸವಾಳದ ಎಲೆ, ಕರಿಬೇವು, ಹೊಲದ ಬದುವಿನ ಗರಗದ ಸೊಪ್ಪು, ಒಂದು ಹಿಡಿ ಮೆಂತೆ ಕಾಳು. ಇಷ್ಟನ್ನೂ ಕೊಬ್ಬರಿ ಎಣ್ಣೆಗೆ ಹಾಕಿ ಕಬ್ಬಿಣದ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಇಡುತ್ತಿದ್ದಳು. ಕಾಯುವಾಗ ಎಣ್ಣೆ ಚಟಪಟ ಅನ್ನುತ್ತದೆ. ಆ ಸದ್ದು ನಿಂತ ಕೂಡಲೇ ಇಳಿಸಬೇಕು. ಮೊದಲೇ ಇಳಿಸಿದರೆ ಕೆಲವೇ ದಿನಕ್ಕೆ ಮುಗ್ಗು ವಾಸನೆ, ತಡ ಮಾಡಿದರೆ ಸುಟ್ಟ ನಾತ. ಎಲೆಯೊಳಗಿನ ನೀರು ಆರುವ ತನಕ ಮಾತ್ರ ಎಣ್ಣೆ ಮಾತಾಡುತ್ತದೆ ಎಂದು ಈಗ ನಾನು ಎಂಟನೆಯ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳು ಮರೆಯುವುದಿಲ್ಲ.

ಕಾಲೇಜಿಗೆ ಹಳ್ಳಿಯಿಂದ ಬಸ್ಸಿನಲ್ಲಿ ಬರುವಾಗ ನನ್ನ ಜಡೆಯಿಂದ ಈ ಎಣ್ಣೆ ಇಳಿಯುತ್ತಿತ್ತು. ಒಮ್ಮೆ ಸೀಟಿನಲ್ಲಿ ಪಕ್ಕಕ್ಕಿದ್ದ ಹುಡುಗಿ ಭುಜ ಕುಗ್ಗಿಸಿಕೊಂಡು "ಅತ್ಲಾಗ ಸರೀರಿ, ಎಣ್ಣಿ ಹತ್ತತೈತಿ" ಅಂದಳು. "ಹತ್ತಿದ್ರ ಪುಕ್ಕಟ ಸಿಕ್ಕಂಗ ಆತಲ್ರಿ" ಅಂದೆ. ಬಸ್ಸಿನ ಹಿಂದಿನ ಸಾಲು ಪೂರ್ತಿ ನಕ್ಕಿತು. ಮೂರನೆಯ ವರ್ಷಕ್ಕೆ ಬರುವಷ್ಟರಲ್ಲಿ ಅದೇ ಹುಡುಗಿ ಸಣ್ಣ ಬಾಟಲಿ ತಂದು ನನ್ನ ಕೈಗಿಡುತ್ತಿದ್ದಳು.

ಒಂದು ಮಾತು ಮಾತ್ರ ಮೊದಲಿನಿಂದಲೂ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಎಣ್ಣೆಯಿಂದ ಕೂದಲು ಹುಟ್ಟುವುದಿಲ್ಲ. ಹುಟ್ಟಿದ್ದನ್ನು ಅದು ಕಾಯುತ್ತದೆ, ಅಷ್ಟೇ. ನಮ್ಮ ಕಡೆಯ ಬಿಸಿಲಿಗೆ, ಬೋರಿನ ಗಡಸು ನೀರಿಗೆ ಕೂದಲು ಒಣಗಿ ತುಂಡಾಗದಂತೆ ತಡೆದರೆ ಅದೇ ದೊಡ್ಡ ಕೆಲಸ. ಸ್ಟಾಫ್ ರೂಮಿನವರು ಈ ಮಾತು ನಂಬುತ್ತಾರೆ. ನಮ್ಮ ಮನೆಯವರು ನಂಬುವುದಿಲ್ಲ. ನಂಬದೇ ಇದ್ದುದರಿಂದ ಏನಾಯಿತು ಎಂಬುದನ್ನೇ ಈಗ ಹೇಳುವುದು.

ಅಕ್ಕನನ್ನು ಹಿರೇಕೆರೂರ ಕಡೆಗೆ ಕೊಟ್ಟಿದೆ. ಗೋವಿನಜೋಳ ಬೆಳೆಯುವ ಮನೆ. ಅವಳ ಮಗಳು ನನ್ನ ಹತ್ತಿರ ಇದ್ದುಕೊಂಡು ಶಿಗ್ಗಾಂವದಲ್ಲಿ ಪಿಯುಸಿ ಎರಡನೆಯ ವರ್ಷ ಓದುತ್ತಿದ್ದಳು, ಸೈನ್ಸ್. ಲೆಕ್ಕ ಮಾಡುವಾಗ ಜಡೆಯನ್ನು ಮುಂದಕ್ಕೆ ಎಳೆದುಕೊಂಡು ಅದರ ತುದಿಯನ್ನು ಬೆರಳಿಗೆ ಸುತ್ತುತ್ತ ಕೂರುವ ಹುಡುಗಿ. ದಸರೆಯ ಹೊತ್ತಿಗೆ ಅವಳಿಗೆ ಟೈಫಾಯ್ಡ್ ಬಂತು. ವಾಸಿಯಾಯಿತು, ಕಾಲೇಜಿಗೂ ಹೋದಳು. ಜ್ವರ ಮರೆತು ಎರಡು ತಿಂಗಳಾದ ಮೇಲೆ ಕೂದಲು ಉದುರಲು ಶುರುವಾಯಿತು. ಉದುರುವುದು ಅಂದರೆ ಹಣಿಗೆ ಹಾಕಿದರೆ ಹಿಡಿಗಟ್ಟಲೆ, ಹಾಕದಿದ್ದರೂ ದಿಂಬಿನ ಮೇಲೆ, ತಟ್ಟೆಯ ಅಂಚಿನಲ್ಲಿ, ನನ್ನ ಸೀರೆಯ ಸೆರಗಿನಲ್ಲಿ.

ಊರಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ದೊಡ್ಡ ಜ್ವರದ ನಂತರ ಹೀಗಾಗುವುದುಂಟು, ಬೇರು ಗಟ್ಟಿ ಇದೆ, ಕೆಲವು ತಿಂಗಳಲ್ಲಿ ತಾನೇ ಬರುತ್ತದೆ, ಹೊಟ್ಟೆ ತುಂಬ ಊಟ ಮಾಡು ಅಂದರು. ಗುಳಿಗೆ ಬರೆದುಕೊಟ್ಟರು. ನಾನೂ ಅದನ್ನೇ ಹೇಳಿದ್ದೆ. ಇಬ್ಬರ ಮಾತಿಗೂ ಅವಳು ತಲೆಯಾಡಿಸಿದಳು. ಮರುವಾರದಿಂದ ಕಾಲೇಜಿಗೆ ಹೋಗಲಿಲ್ಲ.

"ಯಾಕವಾ?" ಅಂದೆ.

"ಹಿಂದಿನ ಬೆಂಚಿನಾಕಿ ನನ್ನ ಬೆನ್ನ ಮ್ಯಾಲಿಂದು ಕೂದಲಾ ಆರಿಸ್ತಾಳ ಚಿಗವ್ವಾ. ಏನೂ ಅನ್ನೂದಿಲ್ಲ. ಸುಮ್ನ ಒಂದೊಂದ ಆರಿಸಿ ಕೆಳಗ ಬಿಡ್ತಾಳ. ಅಂದಿದ್ರ ಜಗಳಾನರ ಮಾಡ್ತಿದ್ದೆ."



ಭಾವನಿಗೆ ಫೋನು ಮಾಡಿದೆ. ಆತ ಒಳ್ಳೆಯ ಮನುಷ್ಯ, ಮಗಳೆಂದರೆ ಜೀವ. "ಹೋಗ್ಲಿ ಬಿಡವಾ, ಒಂದ್ ವರ್ಷ ಬಿಟ್ರ ಏನಾತು? ಕೂದಲಾ ಬಂದ ಮ್ಯಾಲ ಹೋದ್ರಾತು" ಅಂದ. ಆ "ಒಂದ್ ವರ್ಷ" ನನಗೆ ಗೊತ್ತು. ಅಕ್ಕ ಒಂಬತ್ತನೆಯ ತರಗತಿಯಲ್ಲಿದ್ದಾಗ ಕಾಮಣಿ, ಅಂದರೆ ಕಾಮಾಲೆ, ಆಗಿ ಹಾಸಿಗೆ ಹಿಡಿದಿದ್ದಳು. ಒಂದು ವರ್ಷ ಬಿಡಿಸೋಣ ಅಂದರು. ಮರುವರ್ಷ ಅವಳು ಅಕ್ಕಿಕಾಳು ಬಿದ್ದ ತಲೆಯಲ್ಲಿ ಹಿರೇಕೆರೂರ ಬಸ್ಸು ಹತ್ತಿದಳು. ನನಗಿಂತ ಅವಳೇ ಓದಿನಲ್ಲಿ ಚುರುಕಾಗಿದ್ದಳು. ನಮ್ಮಂಥ ಮನೆಗಳಲ್ಲಿ ಒಂದು ವರ್ಷ ಬಿಟ್ಟು ಮತ್ತೆ ಹೋದವರನ್ನು ನಾನು ಕಂಡಿಲ್ಲ.

ಅಷ್ಟರಲ್ಲಿ ಕಾಲೇಜಿನಿಂದ ಸುದ್ದಿ ಬಂತು. ಸೋಮವಾರದಿಂದ ಪ್ರ್ಯಾಕ್ಟಿಕಲ್ ತಾಲೀಮು. ಅದಕ್ಕೆ ಬಾರದವರನ್ನು ಪ್ರ್ಯಾಕ್ಟಿಕಲ್ ಪರೀಕ್ಷೆಗೆ ಕೂಡಿಸುವುದಿಲ್ಲ. ನಾನು ಹುಡುಗಿಯ ಎದುರು ಕುಳಿತು ಹೇಳಿದೆ. "ನೋಡು, ಬೋಳು ತಲಿ ಆದ್ರೂ ಹೋಗು. ಸೋಮವಾರ ಲ್ಯಾಬಿನ ಬಾಗಲಾ ದಾಟಿದ್ರ ಈ ವರ್ಷ ನಿಂದು. ದಾಟ್ಲಿಲ್ಲ ಅಂದ್ರ ನಿಮ್ಮಪ್ಪಂದು." ಅವಳು "ಹೊಕ್ಕೇನಿ" ಅಂದಳು.

ಆ ವಾರವೇ ಎಣ್ಣೆಗಳು ಬರತೊಡಗಿದ್ದು.

ಸುದ್ದಿ ಹಬ್ಬಿಸಿದವಳು ಅವ್ವ. ಮೊಬೈಲು ಕೊಡಿಸಿದ ಮೇಲೆ ಅವಳಿಗೆ ನಾಲ್ಕು ತಾಲೂಕು ಒಂದೇ ಅಂಗಳ. ಮೊದಲು ತಾನೇ ಬಂದಳು, ಸವಣೂರಿನ ಎಲೆ ಹಾಕಿ ಕಾಯಿಸಿದ ಎಣ್ಣೆಯ ಸಮೇತ. ಮರುದಿನ ಅಕ್ಕ ಕಂಡಕ್ಟರ ಕೈಯಲ್ಲಿ ಔಡಲ ಎಣ್ಣೆ, ಅಂದರೆ ಹರಳೆಣ್ಣೆ, ಕಳಿಸಿದಳು. ತಮ್ಮ ಹೊಲದ ಬದುವಿನದೇ ಔಡಲ ಬೀಜ, ಬಾಟಲಿ ಬೋರಲು ಹಾಕಿದರೂ ಇಳಿಯದಷ್ಟು ಮಂದ, ಬೆಲ್ಲದ ಪಾಕದ ಹಾಗೆ. ಶುಕ್ರವಾರ ಹಾನಗಲ್ಲಿನಿಂದ ಹುಡುಗಿಯ ಸೋದರತ್ತೆ ಬಂದರು, ಭಾವನ ಅಕ್ಕ. ಅವರದು ಎಳ್ಳೆಣ್ಣೆಯಲ್ಲಿ ನೆಲ್ಲಿಕಾಯಿ ಕುದಿಸಿದ್ದು. ಸ್ಟೀಲಿನ ಡಬ್ಬಿಯನ್ನು ಸೀರೆಯ ತುಂಡಿನಲ್ಲಿ ಸುತ್ತಿ, ಬಸ್ಸಿನುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಗೋಡೆಯ ಮಾಡಿನಲ್ಲಿ ನನ್ನದೊಂದು ಬಾಟಲಿ ಹೇಗೂ ಇತ್ತು.

ನಮ್ಮ ಯಜಮಾನರು ಸಾಲಾಗಿ ನಿಂತ ಬಾಟಲಿಗಳನ್ನು ನೋಡಿ ತಮ್ಮ ಬೋಳು ತಲೆ ಸವರಿಕೊಂಡರು. "ಇಷ್ಟೆಲ್ಲಾ ಬಂದೈತಿ. ಉಳದ್ರ ನಮ್ಮ ಬಯಲಿಗೂ ಒಂದೀಟು ಸುರೀರಿ."

"ಬಯಲಿಗೆ ಎಣ್ಣಿ ಹಾಕಿದ್ರ ಏನ ಬಂತ್ರಿ, ಬೀಜಾ ಬಿತ್ತಬೇಕು" ಅಂದರು ಹಾನಗಲ್ಲಿನ ಅತ್ತೆ. ಹುಡುಗಿ ಆ ವಾರದಲ್ಲಿ ಮೊದಲ ಸಲ ನಕ್ಕಳು.

ನಮ್ಮಲ್ಲಿ ಒಂದು ರೂಢಿ. ಹೆಣ್ಣುಮಗಳ ತಲೆಗೆಂದು ಯಾರಾದರೂ ಎಣ್ಣೆ ಕಳಿಸಿದರೆ ಬೇಡ ಅನ್ನಬಾರದು. ತೆಗೆದುಕೊಂಡು ಮೂಲೆಗಿಡುವುದು ಇನ್ನೂ ಕೆಟ್ಟದ್ದು. ಕಳಿಸಿದವರು ಮರುದಿನ ಬೆಳಿಗ್ಗೆ ಕೇಳಿಯೇ ಕೇಳುತ್ತಾರೆ. "ನಮ್ಮ ಎಣ್ಣಿ ಹಚ್ಚೀರಿಲ್ಲೋ?" ಅವ್ವನಿಗೆ ಸುಳ್ಳು ಹೇಳಲು ಬರುವುದಿಲ್ಲ. ಈ ಕಡೆ ಅಕ್ಕ ಫೋನಿನಲ್ಲಿ, ಆ ಕಡೆ ಬೀಗತಿ ಪಡಸಾಲೆಯಲ್ಲಿ. ಯಾರ ಬಾಟಲಿಯನ್ನು ಮೊದಲು ತೆರೆದರೂ ಇನ್ನೊಬ್ಬರ ಮುಖ ಬೀಳುತ್ತದೆ.

ಶನಿವಾರ ನನಗೆ ಅರ್ಧ ದಿನದ ಶಾಲೆ. ಹೊರಡುವಾಗ "ಯಾವದೂ ಹಚ್ಚಬ್ಯಾಡ, ನಾ ಬಂದ ಮ್ಯಾಲ ನೋಡೂಣು" ಅಂದಿದ್ದೆ. ಹಾನಗಲ್ಲಿನ ಅತ್ತೆ ಬಂಕಾಪುರದಲ್ಲಿ ಯಾರನ್ನೋ ಕಂಡು ಬರುತ್ತೇನೆಂದು ಹೋಗಿದ್ದರು. ಮನೆಯಲ್ಲಿ ಅವ್ವ, ಮೊಮ್ಮಗಳು, ನಾಲ್ಕು ಬಾಟಲಿ.

ಮಧ್ಯಾಹ್ನ ನಾನು ಬಂದು ಚಪ್ಪಲಿ ಬಿಟ್ಟೆ. ಹುಡುಗಿ ಬಚ್ಚಲಮನೆಯ ಹೊಸ್ತಿಲ ಮೇಲೆ ಕುಳಿತಿದ್ದಳು. ಭುಜದ ಮೇಲೆ ಟವೆಲು, ಕೂದಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಹಿಂದೆ ಅವ್ವ ಹಣಿಗೆ ಹಿಡಿದು ನಿಂತಿದ್ದಳು, ಹಣಿಗೆಯ ಹಲ್ಲು ಮುರಿದಿತ್ತು.

"ಏನಾತು?"

ಅವ್ವ ಪಕ್ಕಕ್ಕೆ ಸರಿದಳು. ಹಿಂದಲೆಯ ಕೂದಲೆಲ್ಲ ಒಂದಕ್ಕೊಂದು ಹೆಣೆದುಕೊಂಡು ಮುದ್ದೆಯಾಗಿತ್ತು. ಸಿಕ್ಕು ಅನ್ನುವ ಹಾಗಿಲ್ಲ. ಸಿಕ್ಕಿನಲ್ಲಿ ಎಳೆ ಕಾಣುತ್ತದೆ, ಇಲ್ಲಿ ಎಳೆಯೇ ಇರಲಿಲ್ಲ. ಕಂಬಳಿಯ ತುಂಡಿನ ಹಾಗೆ ಗಟ್ಟಿ. ನಾನು ಕೈಯಲ್ಲಿ ಹಿಡಿದು ನೋಡುತ್ತಿರುವಾಗಲೇ ಹಿಂದೆ ಬಾಗಿಲಲ್ಲಿ ಹಾನಗಲ್ಲಿನ ಅತ್ತೆ ಬಂದು ನಿಂತರು. ಕೈಯಲ್ಲಿದ್ದ ಚೀಲ ಕೆಳಗಿಟ್ಟರು. ನೋಡಿದರು. ಎರಡೂ ಕೈ ಎತ್ತಿ ಕೆನ್ನೆಗೆ ಬಡಿದುಕೊಂಡರು.

"ಯವ್ವಾ ತಾಯೀ! ಜಡಿ ಬಂದೈತಿ. ಯಾರೂ ಕತ್ತರಿ ಮುಟ್ಟಬ್ಯಾಡ್ರಿ. ಹಣಿಗಿ ಇಡ್ರಿ ಕೆಳಗ."

ನಮ್ಮ ಕಡೆ ಇದರ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಹೆಣ್ಣಿನ ಕೂದಲು ತಾನಾಗಿ ಜಡೆಗಟ್ಟಿದರೆ ದೇವಿ ತಲೆಯ ಮೇಲೆ ಬಂದಳು ಅನ್ನುತ್ತಾರೆ. ಅದಕ್ಕೆ ಕತ್ತರಿ ಹಾಕಬಾರದು, ಬಾಚಬಾರದು. ಭಂಡಾರ ಹಚ್ಚಬೇಕು, ಎಲ್ಲಮ್ಮನ ಗುಡ್ಡಕ್ಕೆ ಕರೆದೊಯ್ಯಬೇಕು, ಆಮೇಲೆ ಅವಳ ಊಟ, ನಡೆ, ಮದುವೆಯ ಮಾತು ಎಲ್ಲವೂ ಆ ಜಡೆಯನ್ನು ಕೇಳಿಯೇ ನಡೆಯಬೇಕು. ಅದನ್ನು ಹೊತ್ತುಕೊಂಡೇ ಮುದುಕಿಯರಾದವರನ್ನು ನಾನು ನೋಡಿದ್ದೇನೆ. ದೇವಿಯ ಮೇಲೆ ನನಗೆ ತಕರಾರಿಲ್ಲ. ಭಾರತ ಹುಣ್ಣಿವೆಗೆ ನಾನೂ ಗುಡ್ಡ ಹತ್ತಿ ಬಂದವಳೇ. ಆದರೆ ನಾವು ಬಚ್ಚಲಲ್ಲಿ ಮಾಡಿದ್ದನ್ನು ಅವಳ ಹೆಸರಿಗೆ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ತಮ್ಮನಿಗೆ ಫೋನು ಹಚ್ಚಿಯಾಗಿತ್ತು. ಭಾವನ ದನಿ ನಮಗೂ ಕೇಳುತ್ತಿತ್ತು. "ನಾಳೆ ಮಧ್ಯಾಹ್ನ ಗಾಡಿ ತಗೊಂಡ ಬರ್ತೇನಿ. ಆಕಿ ಅರಬಿ-ಅಂಚಡಿ ಕಟ್ಟಿಡ್ರಿ. ಪರೀಕ್ಷಿ ಗಿರೀಕ್ಷಿ ಆಮ್ಯಾಲಿಂದು."

ಹುಡುಗಿ ಹೊಸ್ತಿಲಿನಿಂದ ಏಳಲಿಲ್ಲ. ಹಿಂದಲೆಯನ್ನು ಎರಡೂ ಕೈಯಿಂದ ಮುಚ್ಚಿಕೊಂಡು, "ಚಿಗವ್ವಾ, ನಾ ಸೋಮವಾರ ಹೊಕ್ಕೇನಿ ಅಂತ ಅಂದೇನಲ್ಲ" ಅಂದಳು. ಇಷ್ಟು ದಿನ ಹೋಗಲಾರೆ ಅಂದವಳ ಬಾಯಲ್ಲಿ ಆ ಮಾತು ಕೇಳಿ ನನಗೆ ಬಲ ಬಂತು.

ಅವ್ವನನ್ನು ಅಡಿಗೆಮನೆಗೆ ಕರೆದೆ. "ಏನ ಹಚ್ಚಿದಿ?"

"ಎಲ್ಲಾರ್ದೂ."

"ಎಲ್ಲಾರ್ದೂ ಅಂದ್ರ?"

"ಒಬ್ರದು ಹಚ್ಚಿ ಒಬ್ರದು ಬಿಟ್ರ ನಾಳೆ ಏನ ಹೇಳ್ಲಿ? ನಾಲ್ಕೂ ಒಂದ ಬೋಗುಣಿಗೆ ಸುರುವಿ ಬೆಚ್ಚಗ ಮಾಡೀನಿ. ಯಾರ್ ಕೇಳಿದ್ರೂ 'ನಿಮ್ದ ಹಚ್ಚೇವಿ' ಅನಬಹುದು. ಸುಳ್ಳ ಹೇಳಿದಂಗೂ ಆಗಂಗಿಲ್ಲ." ಆಮೇಲೆ ಸೇರಿಸಿದಳು. "ಔಡಲದ್ದು ಬಾಟ್ಲಿ ತೊಳದು ಪೂರಾ ಹಾಕೀನಿ. ನಿಮ್ಮಕ್ಕಂದು ಅದು, ಬಡವಿ, ಪ್ರೀತಿಲೆ ಕಳ್ಸ್ಯಾಳ."

ಉಳಿದದ್ದನ್ನು ನಾನು ಕೇಳಿ ಕೇಳಿ ಹೊರಡಿಸಿದೆ. ಹಚ್ಚಿ, ಬಿಸಿ ಟವೆಲು ಕಟ್ಟಿ, ಆಮೇಲೆ ಎರೆಯಲು ಕೂಡಿಸಿದ್ದಾಳೆ. ಆ ಮಂದ ಎಣ್ಣೆ ಬಿಡಲೊಲ್ಲದು. ಸುಡುವ ನೀರು ಸುರಿದು, ಸೀಗೆಪುಡಿ ಹಾಕಿ, ಎರಡೂ ಅಂಗೈಯಿಂದ ಗುಂಡಗೆ ತಿಕ್ಕಿದ್ದಾಳೆ. ಬಿಡದಿದ್ದುದಕ್ಕೆ ಮತ್ತೆ ತಿಕ್ಕಿದ್ದಾಳೆ. ಉಣ್ಣೆಯನ್ನು ಕಂಬಳಿ ಮಾಡುವವರು ಮಾಡುವುದೂ ಇಷ್ಟೇ. ಅಂಟು ಹಾಕಿ, ಬಿಸಿ ನೀರು ಹಾಕಿ ತಿಕ್ಕಿದರೆ ಎಳೆ ಎಳೆಗೆ ಕಚ್ಚಿಕೊಳ್ಳುತ್ತದೆ.

ನಾನು ಪಡಸಾಲೆಗೆ ಬಂದು ಅತ್ತೆಗೆ ಹೇಳಿದೆ. "ಅಕ್ಕಾರ, ಇದು ಜಡಿ ಅಲ್ರಿ. ಎಣ್ಣಿ ಗಂಟು."

"ನೀವು ಕಲತವರು, ಹಂಗ ಅಂತೀರಿ. ನಮ್ಮೂರಾಗ ಒಬ್ಬಾಕಿದು ಹಿಂಗ ಕತ್ತರಿಸಿದ್ರು. ಕಣ್ಣ ಹೋದವು."

"ಕಣ್ಣು ಯಾತಕ್ಕ ಹೋದವು ಅಂತ ಡಾಕ್ಟರಿಗೆ ತೋರಿಸಿದ್ರೇನ್ರಿ?"

"ದೇವ್ರ ಕೆಲಸಾ ಡಾಕ್ಟರಿಗೆ ಯಾಕ ತೋರಸ್ಬೇಕು?"

ಈ ದಾರಿಯಲ್ಲಿ ವಾದ ಮಾಡಿದರೆ ರವಿವಾರ ಮಧ್ಯಾಹ್ನದ ಗಾಡಿ ಬಂದೇ ಬರುತ್ತದೆ ಎಂದು ತಿಳಿಯಿತು. ಮಕ್ಕಳಿಗೆ ಬಾಯಿಮಾತಿನಲ್ಲಿ ಹೇಳಿ ಸಾಕಾದಾಗ ನಾನು ಏನು ಮಾಡುತ್ತೇನೋ ಅದನ್ನೇ ಮಾಡಲು ಹೊರಟೆ.

ಉದುರಿದ ಕೂದಲನ್ನು ಎಸೆಯಬಾರದು, ತುಳಿಯಬಾರದು ಅನ್ನುವುದು ಅವ್ವನ ನೇಮ. ಮೊಮ್ಮಗಳ ತಲೆಯಿಂದ ಉದುರಿದ್ದನ್ನೆಲ್ಲ ಸುತ್ತಿ ಸುತ್ತಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ತುಂಬಿ ಬಾಗಿಲ ಹಿಂದೆ ತೂಗುಹಾಕಿದ್ದಳು. ಕೂದಲು ಕೊಳ್ಳುವವನು ಬಂದರೆ ಕೊಟ್ಟು ಸ್ಟೀಲಿನ ವಾಟಗದಂಥ ಸಣ್ಣ ಪಾತ್ರೆ ತೆಗೆದುಕೊಳ್ಳುವ ಲೆಕ್ಕಾಚಾರ. ಆ ಚೀಲ ಇಳಿಸಿದೆ. ಉದ್ದನೆಯ ಕೂದಲನ್ನು ಬಿಡಿಸಿ, ಒಂದು ಹಿಡಿ ಮಾಡಿ, ಬುಡಕ್ಕೆ ದಾರ ಕಟ್ಟಿದೆ. ಬೋಗುಣಿಯಲ್ಲಿ ಅವ್ವನ ನಾಲ್ಕೂರ ಎಣ್ಣೆ ಇನ್ನೂ ಉಳಿದಿತ್ತು.

"ಅಕ್ಕಾರ, ಬಚ್ಚಲಕ್ಕ ಬರ್ರಿ ಒಂದೀಟು."

ಅವರು ಬಂದರು, ಮುಖ ಗಂಟು ಹಾಕಿಕೊಂಡೇ. ದಾರ ಕಟ್ಟಿದ ಕೂದಲನ್ನು ಅವರ ಕೈಗೇ ಕೊಟ್ಟೆ. "ಎಣ್ಣಿ ನೀವ ಹಚ್ಚರಿ. ನೀರು ನೀವ ಹಾಕರಿ. ನಾ ಮುಟ್ಟೂದಿಲ್ಲ."

ಅತ್ತೆ ಹಚ್ಚಿದರು. ಟವೆಲು ಸುತ್ತಿ ಇಟ್ಟೆವು. ಚಹಾ ಕುಡಿದೆವು. ಆಮೇಲೆ ಬಿಸಿನೀರು, ಸೀಗೆಪುಡಿ. "ನಮ್ಮವ್ವ ತಿಕ್ಕಿದಂಗ ತಿಕ್ಕರಿ" ಅಂದೆ. ಅವರು ಅಂಗೈಯಲ್ಲಿಟ್ಟುಕೊಂಡು ಗುಂಡಗೆ ತಿಕ್ಕಿದರು. ಮೊದಲು ಏನೂ ಆಗಲಿಲ್ಲ. ಇನ್ನೊಂದು ತಂಬಿಗೆ ಬಿಸಿನೀರು ಸುರಿದೆ. "ತಿಕ್ಕರಿ ತಿಕ್ಕರಿ." ಕೈಯೊಳಗೆ ಅದು ಬಿಗಿಯತೊಡಗಿತು. ಅತ್ತೆಯ ಬೆರಳು ನಿಧಾನವಾದವು. ಅಂಗೈ ತೆರೆದು ನೋಡಿದರು. ಹುಡುಗಿಯ ಹಿಂದಲೆಯಲ್ಲಿ ಇದ್ದಂಥದ್ದೇ ಒಂದು ಕರಿ ಮುದ್ದೆ, ನಿಂಬೆಕಾಯಿಯಷ್ಟು.

"ಚೀಲದಾಗಿನ ಕೂದಲಕ್ಕೂ ದೇವಿ ಬರ್ತಾಳೇನ್ರಿ ಅಕ್ಕಾರ?"

ಅವರು ಅದನ್ನು ಹಿಗ್ಗಲಿಸಿ ನೋಡಿದರು, ಮೂಸಿ ನೋಡಿದರು. ಆಮೇಲೆ ಅವ್ವನ ಕಡೆ ತಿರುಗಿದರು. ದನಿ ಪೂರ್ತಿ ಬೇರೆಯಾಗಿತ್ತು.

"ನಮ್ಮ ನೆಲ್ಲಿಕಾಯಿ ಎಣ್ಣಿಗೆ ಔಡಲ ಕೂಡ್ಸಿದ್ರೇನ್ರಿ? ಮೂರು ದಿನಾ ಕುಂತು ಕಾಸೇನ್ರಿ ನಾ ಅದನ್ನ!"

"ನಿಮ್ಮ ತವರಮನಿ ಔಡಲ ಅದು" ಅಂದಳು ಅವ್ವ. "ಬ್ಯಾರೆದವರದಲ್ಲ."

"ತವರಮನಿದಾದ್ರೇನು, ಎಳ್ಳೆಣ್ಣಿಗೆ ಯಾರನ ಔಡಲ ಹಾಕ್ತಾರೇನ್ರಿ!"

ಹುಡುಗಿ ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡಳು. ದೇವಿಯ ಮಾತು ಅಲ್ಲಿಗೆ ನಿಂತು, ಎಣ್ಣೆಯ ಮಾತು ಶುರುವಾಯಿತು. ಅದು ನನಗೆ ಬೇಕಾದ ಜಗಳವೇ ಆಗಿತ್ತು. ಬೇಕಾದಷ್ಟು ಹೊತ್ತು ಆಡಲಿ ಎಂದು ಬಿಟ್ಟೆ.

ಸಂಜೆಗೆ ಕೂತು ಬಿಡಿಸಲು ಶುರುಮಾಡಿದೆವು. ಅಂಗಡಿಯ ಬರೀ ಕೊಬ್ಬರಿ ಎಣ್ಣೆ, ಮತ್ತೇನೂ ಇಲ್ಲ. ಮುದ್ದೆಯನ್ನು ಅದರಲ್ಲಿ ನೆನೆಸಿ, ಅಂಚಿನಿಂದ ಒಂದೊಂದು ಎಳೆ. ಹಣಿಗೆ ಉಪಯೋಗವಿಲ್ಲ, ಬೆರಳು ಮತ್ತು ಕೌದಿ ಹೊಲಿಯುವ ಸೂಜಿಯ ಮೊಂಡ ತುದಿ. ಒಂದು ಕಡೆ ನಾನು, ಒಂದು ಕಡೆ ಅವ್ವ. ಸ್ವಲ್ಪ ಹೊತ್ತು ದೂರ ಕುಳಿತು ನೋಡಿದ ಅತ್ತೆ ಎದ್ದು ಬಂದು "ಸರೀರಿ, ನಿಮಗ ಎಳಿ ಕಾಣವಲ್ದು" ಎಂದು ಅವ್ವನ ಜಾಗ ಹಿಡಿದರು. ಅವರ ಬೆರಳು ಚುರುಕು. ಮೊದಲ ಜೊಂಪೆ ಪೂರ್ತಿ ಬಿಟ್ಟುಕೊಂಡಿದ್ದು ಅವರ ಕೈಯಲ್ಲೇ. ಅದನ್ನು ಬೆರಳಿಗೆ ಸುತ್ತಿ, ಬಿಟ್ಟು, ಮತ್ತೆ ಸುತ್ತಿ ನೋಡಿದರು. ಆಮೇಲೆ ಎಣ್ಣೆಗೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ತೆಗೆದುಕೊಂಡರು.

"ತಮ್ಮಾ, ನೀ ನಾಳೆ ಬರಬ್ಯಾಡ. ಜಡಿ ಅಲ್ಲದು. ಬಿಚ್ಚಾಕತ್ತೈತಿ. ನಾನ ಬಿಚ್ಚಾಕತ್ತೇನಿ."

ಆ ಕಡೆಯಿಂದ ಭಾವ ಏನೋ ಕೇಳಿದ.

"ಏನಿಲ್ಲ, ನಿಮ್ಮ ಹೊಲದ ಔಡಲದ ಕರಾಮತಿ. ಸುಮ್ನ ಇಡು ಫೋನು." ಇಟ್ಟವರು ಮತ್ತೆ ತೆಗೆದು, "ಮತ್ತ ಸೋಮವಾರ ಆಕಿ ಸಾಲಿಗೆ ಹೊಕ್ಕಾಳ. ಏನೂ ಅನಬ್ಯಾಡ" ಎಂದು ಇಟ್ಟರು.

ರವಿವಾರ ಮಧ್ಯಾಹ್ನದವರೆಗೂ ಬಿಡಿಸಿದೆವು. ಬಹಳಷ್ಟು ಬಂತು. ಕುತ್ತಿಗೆಯ ಹತ್ತಿರ ಮುಷ್ಟಿಯಷ್ಟು ಮಾತ್ರ ಬರಲಿಲ್ಲ. ಎಳೆದರೆ ಹುಡುಗಿಯ ಕಣ್ಣಲ್ಲಿ ನೀರು. ಅವಳ ಕುತ್ತಿಗೆ ಬಾಗಿ ಬಾಗಿ ಸೋತಿತ್ತು. ಕೊನೆಗೆ ಅವಳೇ ಅಂದಳು. "ಕತ್ತರಿಸಿ ಬಿಡ್ರಿ. ಕುತಿಗಿ ಮಟಾ ಎಲ್ಲಾ ಒಂದ ಅಳತಿ ಕತ್ತರಿಸಿ ಬಿಡ್ರಿ."

ನಮ್ಮ ಮನೆಯಲ್ಲಿ ಜವಳ ತೆಗೆದ ಮೇಲೆ ಹೆಣ್ಣುಮಕ್ಕಳ ಕೂದಲಿಗೆ ಕತ್ತರಿ ಬಿದ್ದದ್ದು ಇಲ್ಲ. ನಾನು ಅವ್ವನ ಮುಖ ನೋಡಿದೆ. ಅವ್ವ ಬೀಗತಿಯ ಮುಖ ನೋಡಿದಳು.

"ನನ್ನ ಯಾಕ ನೋಡ್ತೀರಿ?" ಅಂದರು ಅತ್ತೆ. "ಎಣ್ಣಿ ಗಂಟು ಕತ್ತರಿಸಾಕ ಗುಡ್ಡದ ಅಪ್ಪಣಿ ಬೇಕೇನು? ತರ್ರಿ ಕತ್ತರಿ."

ಅವರೇ ಕೂದಲನ್ನು ಹಿಡಿದು ಸಮ ಮಾಡಿದರು. ಕತ್ತರಿ ನಾನು ಹಿಡಿದೆ. ಬಟ್ಟೆ ಹೊಲಿಯುವ ಕತ್ತರಿ, ಸ್ವಲ್ಪ ಮೊಂಡ, ಸದ್ದು ಬಹಳ. ಅವ್ವ ಒಳಗೆ ಹೋಗಿ ಒಲೆಯ ಮುಂದೆ ಏನೋ ಹುಡುಕುತ್ತಿದ್ದಳು. ಮುಗಿದ ಮೇಲೆ ಬಂದು ಮೊಮ್ಮಗಳ ಸುತ್ತ ಒಂದು ಸುತ್ತು ನಡೆದು ನೋಡಿದಳು. "ಹಗರಾತೇನು?" ಅಂದಳು. ಹುಡುಗಿ ತಲೆಯನ್ನು ಎಡಕ್ಕೆ ಬಲಕ್ಕೆ ಆಡಿಸಿದಳು. "ಹಗರಾತು ಆಯಿ." ಮುಂದೆ ಎಣ್ಣೆಯ ಕಾನೂನು ನಾನೇ ಮಾಡಿದೆ. ವಾರಕ್ಕೆ ಒಂದೇ ಸಲ, ಒಂದೇ ಎಣ್ಣೆ, ಒಂದು ಚಮಚೆ. ಕಳಿಸಿದವರಿಗೆಲ್ಲ ನಾನೇ ಫೋನು ಮಾಡಿ ಹೇಳುತ್ತೇನೆ, ಮುಖ ಬಿದ್ದರೆ ನನ್ನ ಮೇಲೆ ಬೀಳಲಿ. ಹಾಗೆಯೇ ಮಾಡಿದೆ. ಅಕ್ಕ ಎಲ್ಲವನ್ನೂ ಕೇಳಿಸಿಕೊಂಡು ಕೇಳಿದ್ದು ಒಂದೇ. "ಆಕಿ ನಾಳೆ ಹೊಕ್ಕಾಳ ಹೌದಿಲ್ಲೋ?"

ಸೋಮವಾರ ಬೆಳಿಗ್ಗೆ ಹುಡುಗಿ ಎರಡು ಸಲ ಕನ್ನಡಿಯ ಮುಂದೆ ನಿಂತಳು. ಮೊದಲನೆಯ ಸಲ ತಲೆಗೆ ಓಢಣಿ ಹೊದ್ದುಕೊಂಡಳು. ಎರಡನೆಯ ಸಲ ತೆಗೆದು ಹೆಗಲಿಗೆ ಹಾಕಿಕೊಂಡಳು. ನಾನು ಜೊತೆಗೆ ಬರಲೇ ಎಂದು ಕೇಳಲಿಲ್ಲ. ಕೇಳಿದ್ದರೆ ಹೂಂ ಅನ್ನುತ್ತಿದ್ದಳೇನೋ. ಅವಳು ಹೋಗುವುದನ್ನು ಮೂವರೂ ಬಾಗಿಲಲ್ಲಿ ನಿಂತು ನೋಡಿದೆವು. ಆಮೇಲೆ ನಾನು ನನ್ನ ಶಾಲೆಗೆ ಹೋದೆ. ಆ ದಿನ ನಾನು ಏನು ಪಾಠ ಮಾಡಿದೆನೋ ನೆನಪಿಲ್ಲ.

ಸಂಜೆ ನಾನು ಮನೆಗೆ ಬಂದಾಗ ಅವಳು ಬಂದಾಗಿತ್ತು. ಅಡಿಗೆಮನೆಯಲ್ಲಿ ನಿಂತೇ ರೊಟ್ಟಿ ತಿನ್ನುತ್ತಿದ್ದಳು. ಅವ್ವ ಮತ್ತು ಅತ್ತೆ ಇಬ್ಬರೂ ಅವಳ ಬಾಯಿಯನ್ನೇ ನೋಡುತ್ತ ಕುಳಿತಿದ್ದರು. ಯಾರು ಏನಂದರು, ಯಾರು ನಕ್ಕರು ಎಂದು ಕೇಳುವ ಧೈರ್ಯ ಇಬ್ಬರಿಗೂ ಆಗಿರಲಿಲ್ಲ. ನನ್ನನ್ನು ಕಂಡ ಕೂಡಲೇ ಅವಳ ಸಿಟ್ಟು ಹೊರಬಿತ್ತು.

"ಚಿಗವ್ವಾ, ನನಗ ಸೋರೂ ಬ್ಯುರೆಟ್ಟ ಕೊಟ್ಟಾರ ನೋಡ್ರಿ! ನಾ ಬ್ಯಾರೆದು ಕೊಡ್ರಿ ಅಂದ್ರ ಸರ್ ಕೇಳವಲ್ರು. ರೀಡಿಂಗ್ ಒಂದೂ ಬರೊಬ್ಬರಿ ಬರ್ಲಿಲ್ಲ. ಛಲೋ ಬ್ಯುರೆಟ್ಟ ಇರೂವು ಎರಡ ಅದಾವು, ಮೊದಲ ಹೋದವರಿಗೆ ಸಿಗ್ತಾವು. ನಾಳೆ ಎಲ್ಲಾರಿಗಿಂತಾ ಮೊದಲ ನಾ ಹೋಗಬೇಕು. ಬುತ್ತಿ ಲಗೂನ ಕಟ್ಟರಿ."